ಔಷಧಿಗೆ ಬಗ್ಗುವ ರೋಗ

ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ, ಗಾಣದ ಹಂಗಾಮಿನ ದಿನಗಳಲ್ಲಿ, ಕಿಟಕಿಯ ಗಾಜು ಎಳೆದುಕೊಂಡು ಕೂರುವವಳು ಬಹುಶಃ ನಾನೊಬ್ಬಳೇ. ಹೋದ ವಾರ ಯಾವುದೋ ತರಬೇತಿಗೆಂದು ಆ ದಾರಿಯಲ್ಲಿ ಹೋಗಬೇಕಾಗಿ ಬಂತು. ಊರು ದಾಟಿ ಕಬ್ಬಿನ ಹೊಲಗಳು ಶುರುವಾದದ್ದೇ ತಡ, ಕುದಿಯುವ ಬೆಲ್ಲದ ವಾಸನೆ ಬಸ್ಸಿನೊಳಗೆ ನುಗ್ಗಿತು. "ಕಿಡಕಿ ಯಾಕ ಮುಚ್ಚಿದ್ರಿ ಬಾಯಾರ, ಎಷ್ಟ ಛಲೋ ವಾಸನಿ ಬರಾಕತ್ತಿತ್ತು" ಎಂದು ಪಕ್ಕದ ಹೆಂಗಸು ಕೇಳಿದಳು. "ಗಾಳಿ ಆಗಿಬರೂದಿಲ್ರಿ" ಎಂದೆ. ನನಗೆ ಆಗಿಬರದಿದ್ದದ್ದು ಗಾಳಿಯಲ್ಲ. ಆ ವಾಸನೆ ಮೂಗಿಗೆ ಬಿತ್ತೆಂದರೆ ಮಮದಾಪುರದ ಒಂದು ಮನೆಯ ಪಡಸಾಲೆ ಕಣ್ಣಿಗೆ ಬರುತ್ತದೆ, ಪಡಸಾಲೆಯ ಹಿಂದೆಯೇ ನೀಲವ್ವ ಬರುತ್ತಾಳೆ, ಆಮೇಲೆ ಇಡೀ ದಿನ ನಾನು ಯಾರೊಡನೆಯೂ ನೆಟ್ಟಗೆ ಮಾತಾಡುವುದಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಜನರನ್ನು ಮುಖದಿಂದಲ್ಲ, ಡಬ್ಬಿಯೊಳಗಿನ ಕಫದಿಂದ ಗುರುತು ಹಿಡಿಯುವ ಕೆಲಸ. ನನ್ನೂರು ಹುಕ್ಕೇರಿ ತಾಲೂಕಿನ ಯಮಕನಮರಡಿ. ಆ ಒಂದು ವರ್ಷ, ಯುಗಾದಿಯಿಂದ ಯುಗಾದಿಯವರೆಗೆ, ನನ್ನನ್ನು ಗೋಕಾಕ ಕಡೆಯ ಒಂದು ಸಣ್ಣ ಸರಕಾರಿ ದವಾಖಾನೆಗೆ ಹಾಕಿದ್ದರು. ಅಲ್ಲಿ ಕುರ್ಚಿಗಳಿಗೆ ಬರವಿರಲಿಲ್ಲ, ಅವುಗಳ ಮೇಲೆ ಕೂರುವವರಿಗೆ ಬರವಿತ್ತು. ಹಾಗಾಗಿ ಕಫ ನೋಡುವುದರ ಜೊತೆಗೆ ಟಿಬಿ ಇರುವ ಮನೆಗಳಿಗೆ ಸ್ಕೂಟಿ ಮೇಲೆ ಹೋಗಿ ಗುಳಿಗೆ ಮುಟ್ಟಿಸಿ ಬರುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಬೈದುಕೊಳ್ಳುತ್ತಲೇ ಹೋಗುತ್ತಿದ್ದೆ. ಬೈಯುವುದು ನನಗೆ ಹುಟ್ಟುಗುಣ, ಕೆಲಸ ಬಿಡುವುದು ಮಾತ್ರ ಬರುವುದಿಲ್ಲ.

ಮಮದಾಪುರದ ಆ ಮನೆಯಲ್ಲಿ ಇಬ್ಬರಿಗೆ ಟಿಬಿ, ನಾನು ಬರುವ ಹೊತ್ತಿಗೆ ಗುಳಿಗೆ ಆಗಲೇ ಶುರುವಾಗಿತ್ತು. ಮೊದಲು ಬಂದದ್ದು ಮನೆಯ ಕಿರಿಮಗ ಈರಣ್ಣನಿಗೆ. ಅವನ ತಟ್ಟೆ, ಅವನ ಹಾಸಿಗೆ, ಅವನ ಕೆಮ್ಮು ಎಲ್ಲವನ್ನೂ ನೋಡಿಕೊಂಡವಳು ಅತ್ತಿಗೆ ನೀಲವ್ವ. ಅವಳಿಗೆ ಅವನಿಂದಲೇ ಬಂತು. ನೀಲವ್ವನ ಗಂಡ ಶಿವಪುತ್ರ ಮನೆಯ ಗಾಣದಲ್ಲಿ ಬೆಲ್ಲದ ಪಾಕದ ಹದ ನೋಡುವವನು, ಮಾತು ಕಡಿಮೆ. ಮಾತೆಲ್ಲ ಅವನ ತಾಯಿ ಗಂಗವ್ವನದು. ಒಳ್ಳೆಯ ಹೆಂಗಸು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ಅವಳನ್ನು ರಾಕ್ಷಸಿ ಅಂದುಕೊಳ್ಳಬಾರದು. ನಾನು ಬಿಸಿಲಲ್ಲಿ ಹೋದರೆ ಮಜ್ಜಿಗೆ ಕುಡಿಸದೆ ಕಳಿಸಿದವಳಲ್ಲ.

ಈರಣ್ಣನ ಗುಳಿಗೆಯ ಕಥೆ ಓಣಿಗೆಲ್ಲ ಗೊತ್ತಿತ್ತು. ಅವನು ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆದು ತಿಪ್ಪೆಗೆ ಎಸೆದು, ಖಾಲಿ ಪಟ್ಟಿಯನ್ನು ತಂದು ನನ್ನ ಕೈಯಲ್ಲಿಡುತ್ತಿದ್ದ. ಒಂದು ದಿನ ಸಗಣಿ ಹಾಕಲು ಹೋದ ಗಂಗವ್ವನಿಗೆ ಕಸದ ಮೇಲೆ ಕೆಂಪು ಗುಳಿಗೆಗಳು ಕಂಡವು. ಅವತ್ತು ಕಸಬರಿಗೆ ಹಿಡಿದು ಮಗನನ್ನು ಊರಬಾಗಿಲ ಅಗಸೆಯವರೆಗೆ ಅಟ್ಟಿಸಿಕೊಂಡು ಹೋದಳಂತೆ. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅಂಗಳದಲ್ಲಿ ಅವನನ್ನು ನಿಲ್ಲಿಸಿ, "ನುಂಗ. ಬಾಯಿ ತೆಗಿ. ನಾಲಿಗಿ ಎತ್ತ" ಎಂದು ಪೊಲೀಸರ ಹಾಗೆ ತಪಾಸಣೆ ಮಾಡುತ್ತಿದ್ದಳು. ಹಾಗಿದ್ದೂ ಅವನು ವಾರಕ್ಕೊಮ್ಮೆ ಗೋಕಾಕಕ್ಕೆ ಹೋಗಿ ಕುಡಿದು ಅಲ್ಲೇ ಉಳಿಯುತ್ತಿದ್ದ, ಆ ದಿನದ ಗುಳಿಗೆ ದೇವರೇ ಬಲ್ಲ.

ನೀಲವ್ವನಿಗೆ ಈ ತಪಾಸಣೆ ಇರಲಿಲ್ಲ. ಆ ಮನೆಯಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವ ಪದ್ಧತಿಯಿಲ್ಲ. ಗುಳಿಗೆಯೋ ಬರಿ ಹೊಟ್ಟೆಯಲ್ಲೇ ನುಂಗಬೇಕಾದದ್ದು. ಅವಳು ನಸುಕಿನಲ್ಲಿ ಮಿಂದು ಒಳಗಿನ ಕೋಣೆಗೆ ಹೋಗಿ, ಕದ ಮುಂದಕ್ಕೆಳೆದುಕೊಂಡು ಪೂಜೆಗೆ ಕೂತು, ತೀರ್ಥ ತೆಗೆದುಕೊಂಡು, ಅದರ ಬೆನ್ನಿಗೇ ಗುಳಿಗೆ ನುಂಗುತ್ತಿದ್ದಳು. ಪೂಜೆಗೆ ಕೂತವರ ಕೋಣೆಯನ್ನು ಆ ಮನೆಯಲ್ಲಿ ಯಾರೂ ಇಣುಕುವುದಿಲ್ಲ. ಯಾರಾದರೂ ನೋಡುವಂತೆ ನುಂಗಬೇಕೆಂದು ನಮ್ಮ ನಿಯಮ. ನಾನು ಹೇಳಿಯೂ ಹೇಳಿದೆ.

"ದೇವರ ಮುಂದ ನುಂಗಾಕತ್ತೇನ್ರಿ ಅಕ್ಕಾರ," ಎಂದು ನಕ್ಕಳು. "ನಿಮ್ಮ ದವಾಖಾನಿಯೊಳಗ ಅವನಕಿಂತ ದೊಡ್ಡ ಸಾಹೇಬ್ರ ಯಾರದಾರ ಹೇಳ್ರಿ."

ಗಂಗವ್ವನಿಗೆ ಅದೇ ಹೆಮ್ಮೆ. "ನಮ್ಮ ಸೊಸಿ ಔಷಧಾನೂ ಪ್ರಸಾದ ಮಾಡ್ಕೊಂಡಾಳ್ರಿ ಬಾಯಾರ. ಈ ಭಾಡ್ಕೋನ ನೋಡ್ರಿ, ತಿಪ್ಪಿಗೆ ನೈವೇದ್ಯ ಮಾಡ್ತಾನ" ಎಂದು ಮಗನ ಕಡೆ ಕೈ ಮಾಡುತ್ತಿದ್ದಳು. ಈರಣ್ಣನೂ ನಗುತ್ತಿದ್ದ. ಆ ಬೇಸಗೆಯಲ್ಲಿ ಆ ಮನೆಯಲ್ಲಿ ಟಿಬಿ ಎಂಬುದು ತಮಾಷೆಯ ವಸ್ತುವೇ ಆಗಿತ್ತು.

ಶ್ರಾವಣದ ಹೊತ್ತಿಗೆ ಇಬ್ಬರದೂ ಆರು ತಿಂಗಳು ಮುಗಿಯಿತು. ಇಬ್ಬರ ಕಫವೂ ಚೊಕ್ಕ. ಗಂಗವ್ವ ಹೋಳಿಗೆ ಮಾಡಿ ದವಾಖಾನೆಗೆ ಕಳಿಸಿದಳು. ಆ ವರ್ಷ ಮಳೆ ಚೆನ್ನಾಗಿತ್ತು. ರಸ್ತೆಯೆಲ್ಲ ರಾಡಿಯಾಗಿ ನನ್ನ ಸ್ಕೂಟಿ ವಾರಕ್ಕೆ ಒಮ್ಮೆಯಾದರೂ ನನ್ನನ್ನು ಕೆಡವುತ್ತಿತ್ತು. ಕಬ್ಬು ಆಳೆತ್ತರ ನಿಂತು ಊರುಗಳನ್ನು ಮುಚ್ಚಿಬಿಟ್ಟಿತ್ತು.

ದಸರೆಗೆ ಎರಡು ದಿನವಿರುವಾಗ ನೀಲವ್ವ ಒಬ್ಬಳೇ ದವಾಖಾನೆಗೆ ಬಂದಳು. ಸೆರಗು ಬಾಯಿಗೆ ಹಿಡಿದಿದ್ದಳು. ಕೆಮ್ಮು ಕೇಳಿದ ಕೂಡಲೇ ನನಗೆ ತಿಳಿಯಿತು. ಡಬ್ಬಿ ಕೊಟ್ಟೆ, ಗಾಜಿನ ಪಟ್ಟಿಯ ಮೇಲೆ ಕಫ ಸವರಿ ಬಣ್ಣ ಹಾಕಿ ನೋಡಿದೆ. ನೀಲಿಯೊಳಗೆ ಕೆಂಪು ಕಡ್ಡಿಗಳಂಥ ರೋಗಾಣುಗಳು, ಎಲ್ಲಿ ನೋಡಿದರೂ. ನಾನು ತಲೆಯೆತ್ತದೆ ಕೂತದ್ದನ್ನು ನೋಡಿ, "ನನಗೂ ತೋರಸ್ರಿ, ಯಾಂವ ಬಂದು ಹೊಕ್ಕಾನ ನೋಡೇ ಬಿಡ್ತೇನಿ" ಎಂದಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.

"ಎಲ್ಲಾ ಒಂದ ನಮೂನಿ ಅದಾವಲ್ರಿ."

"ಒಂದ ನಮೂನಿನ ಇರ್ತಾವ" ಎಂದೆ. ಅವತ್ತಿಗೆ ನನಗೆ ಗೊತ್ತಿದ್ದದ್ದೂ ಅಷ್ಟೇ.

ಸಂಜೆ ನಾನೇ ಅವಳ ಜೊತೆ ಮಮದಾಪುರಕ್ಕೆ ಹೋದೆ. ಗಾಣ ಅದೇ ವಾರ ಹೊತ್ತಿಸಿದ್ದರು, ಮನೆಯೆಲ್ಲ ಬೆಲ್ಲದ ಹಬೆ. ವಿಷಯ ಹೇಳಿದೆ. ಗಂಗವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಸಿಟ್ಟಿರಲಿಲ್ಲ, ಆದರೆ ಮೊದಲು ಬಂದ ಮಾತು ಅದೇ. "ನೀಲಾ, ಗುಳಿಗಿ ಬಿಟ್ಟಿದ್ದೇನ?"

ಕೇಳುವುದು ತಪ್ಪೆಂದು ಹೇಳಲಾರೆ. ನಾವು ದವಾಖಾನೆಯವರೇ ಊರೂರಿಗೆ ಹೋಗಿ ಅದನ್ನು ಬಾಯಿಪಾಠ ಮಾಡಿಸಿದ್ದೇವೆ: ಗುಳಿಗೆ ಬಿಟ್ಟರೆ ರೋಗ ಮರಳಿ ಬರುತ್ತದೆ. ಜನ ಅದನ್ನು ತಿರುವಿ ಹಾಕಿಕೊಂಡಿದ್ದಾರೆ. ರೋಗ ಮರಳಿ ಬಂತೆಂದರೆ ಗುಳಿಗೆ ಬಿಟ್ಟಿದ್ದಾರೆ.

ನೀಲವ್ವ ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡಳು. ಗಂಗವ್ವ "ಬ್ಯಾಡವಾ, ಬ್ಯಾಡ" ಎನ್ನುತ್ತಿರುವಾಗಲೇ ಅದರ ಮೇಲೆ ಬಲಗೈ ಮುಚ್ಚಿ, "ಒಂದ ದಿನಾನೂ ತಪ್ಪಿಸಿಲ್ಲ. ತಪ್ಪಿಸಿದ್ರ ನನಗ ಒಳ್ಳೇದ ಆಗಬಾರದ" ಎಂದಳು. ಆ ಮನೆಗಳಲ್ಲಿ ಲಿಂಗ ಮುಟ್ಟಿ ಆಣೆ ಮಾಡುವುದೆಂದರೆ ಸಣ್ಣ ಮಾತಲ್ಲ. ಹೊಲದ ಬದುವಿನ ಜಗಳದಲ್ಲಿ ಕೂಡ ಕೋರ್ಟಿಗೆ ಹೋಗುವವರಿದ್ದಾರೆ, ಆಣೆಗೆ ಕೈ ಹಾಕುವವರಿಲ್ಲ. ಗಂಗವ್ವ ತನ್ನ ಲಿಂಗವನ್ನು ಕಣ್ಣಿಗೊತ್ತಿಕೊಂಡು, "ಮುಗೀತು. ಇನ್ನ ಯಾರೂ ಅಕಿನ್ನ ಕೇಳೂದ ಬ್ಯಾಡ" ಎಂದಳು.

ಆಮೇಲಿನ ದಿನಗಳಲ್ಲಿ ಅವಳು ಸೊಸೆಯನ್ನು ಹೆತ್ತ ಮಗಳ ಹಾಗೆ ನೋಡಿಕೊಂಡಳು. ಸಜ್ಜೆ ರೊಟ್ಟಿಗೆ ಬೆಣ್ಣೆ, ಶೇಂಗಾ ಉಂಡೆ, ಹಾಲು. ನೀಲವ್ವ ಸುಳ್ಳು ಹೇಳಿಲ್ಲವೆಂದ ಮೇಲೆ ತಪ್ಪು ಗುಳಿಗೆಯದೇ ಆಗಿರಬೇಕು ಎಂದು ಮನೆಯವರು ಲೆಕ್ಕ ಹಾಕಿದರು. ಅದೂ ಸರಿಯೇ. ಕೆಲವು ಸಲ ರೋಗಾಣು ಔಷಧಿಗೆ ಮಣಿಯದಂತೆ ಬದಲಾಗಿರುತ್ತದೆ. ಹಾಗಾಗಿದೆಯೇ ಎಂದು ತಿಳಿಯಲು ಕಫವನ್ನು ಬೆಳಗಾವಿಯ ದೊಡ್ಡ ಲ್ಯಾಬಿಗೆ ಕಳಿಸಿದೆವು. ಅಲ್ಲಿ ಅದನ್ನು ಬೆಳೆಸಿ ಒಂದೊಂದು ಔಷಧಿಯನ್ನೂ ಹಾಕಿ ನೋಡುತ್ತಾರೆ, ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಹಳೆಯ ಗುಳಿಗೆಯನ್ನೇ ಶುರು ಮಾಡೋಣವೆಂದರೆ ಗಂಗವ್ವ ಒಪ್ಪಲಿಲ್ಲ. "ಕೆಲಸಕ್ಕ ಬಾರದ ಗುಳಿಗಿ ಯಾಕ್ರಿ ಮತ್ತ? ಬ್ಯಾರೆ ಬರಲಿ." ನಾನು ಕೂಗಾಡಿದೆ. ನೀಲವ್ವ ಅತ್ತೆಯ ಮಾತೇ ಮಾತೆಂದಳು. ಅತ್ತೆ ತನ್ನನ್ನು ನಂಬಿದ್ದಾಳೆಂಬ ಖುಷಿಯೇ ಅವಳಿಗೆ ಆಗ ಔಷಧಿಯಾಗಿತ್ತು.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ರಿಪೋರ್ಟು ಬಂತು. ಎಲ್ಲ ಔಷಧಿಗೂ ಬಗ್ಗುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಇದೇ ಮಾಮೂಲಿ ಗುಳಿಗೆ, ಇನ್ನೊಂದು ಸಲ, ಗುಣವಾಗುತ್ತದೆ. ಸ್ಕೂಟಿ ಹತ್ತಿ ಹಾಡಿಕೊಳ್ಳುತ್ತ ಹೋದೆನೆಂದರೆ ಯಾರೂ ನಂಬಲಿಕ್ಕಿಲ್ಲ. ಅದಕ್ಕಾಗಿ ಈಗ ಎದೆ ಬಡಿದುಕೊಳ್ಳುವುದೂ ಇಲ್ಲ, ಯಾವ ಟೆಕ್ನಿಷಿಯನ್ ಆದರೂ ಹಾಗೆಯೇ ಹೋಗುತ್ತಿದ್ದ. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಓದಿ ಹೇಳಿದೆ.

ಗಂಗವ್ವ ಎರಡು ಸಲ ಕೇಳಿದಳು. "ಅದ ಗುಳಿಗಿ ಕೆಲಸ ಮಾಡ್ತಾವೇನ್ರಿ?"

"ಪಕ್ಕಾ ಮಾಡ್ತಾವ್ರಿ ಯವ್ವಾ. ಹೆದರೂದ ಬ್ಯಾಡ."

"ಮೊದಲೂ ಮಾಡ್ತಿದ್ವೇನ?"

"ಮಾಡ್ತಿದ್ವು."

ಹೇಳಿದ ಮೇಲೆ ನನಗೆ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ಗೊತ್ತಾಯಿತು. ಗಂಗವ್ವ ಸೊಸೆಯನ್ನು ನೋಡಲಿಲ್ಲ, ಅವಳ ಕೊರಳಿನ ಕರಡಿಗೆಯನ್ನು ನೋಡಿದಳು. ಗುಳಿಗೆ ಕೆಲಸ ಮಾಡುತ್ತಿತ್ತು. ತಿಪ್ಪೆಗೆ ಎಸೆದೆಸೆದು ಅರೆಬರೆ ನುಂಗಿದ ಈರಣ್ಣನೇ ಗುಣವಾಗಿ, ಬಾಗಿಲಲ್ಲಿ ನಿಂತು ಕಬ್ಬು ಸೀಳಿ ತಿನ್ನುತ್ತಿದ್ದ. ಹಾಗಾದರೆ ನೀಲವ್ವ ಎಷ್ಟು ಬಿಟ್ಟಿರಬೇಕು. ಬಿಟ್ಟವಳು ಲಿಂಗ ಮುಟ್ಟಿ ಇಲ್ಲವೆಂದಳು. ತಪ್ಪಿಸಿದ್ದರೆ ನನಗೆ ಒಳ್ಳೆಯದಾಗಬಾರದು ಎಂದಿದ್ದಳು, ನೋಡಿದರೆ ಒಳ್ಳೆಯದಾಗಿರಲಿಲ್ಲ. ಈ ಲೆಕ್ಕದಲ್ಲಿ ಎಲ್ಲಿ ತಪ್ಪು ಹಿಡಿಯುತ್ತೀರಿ?

ಖಾಲಿ ಪಟ್ಟಿಗಳಿವೆಯಲ್ಲ ಎಂದೆ. ಖಾಲಿ ಪಟ್ಟಿಯ ಮಹಿಮೆಯನ್ನು ಈರಣ್ಣ ಆ ಮನೆಗೆ ಮೊದಲೇ ಕಲಿಸಿಬಿಟ್ಟಿದ್ದ. ನೀಲವ್ವ ಅಷ್ಟು ಜನರ ಮುಂದೆ ತಲೆ ತಗ್ಗಿಸಿ, "ಮೂತ್ರ ಕೆಂಪ ಆಗ್ತಿತ್ರಿ, ದಿನಾ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು. ಆ ಗುಳಿಗೆ ನುಂಗಿದವರಿಗೆ ಹಾಗಾಗುತ್ತದೆ, ನಿಜ. ಆದರೆ ಅದಕ್ಕೆ ಯಾರನ್ನು ಸಾಕ್ಷಿ ಕರೆಯುವುದು?

ಅಂಗಳದವರೆಗೆ ಕಳಿಸಲು ಬಂದ ನೀಲವ್ವ ಸ್ಕೂಟಿಯ ಹಿಡಿಕೆ ಹಿಡಿದು ನಿಂತಳು. "ಕೆಟ್ಟ ರಿಪೋರ್ಟ ಬಂದಿದ್ರ ನಾ ಛಲೋ ಆಗಿರ್ತಿದ್ನ್ಯಲ್ರಿ ಅಕ್ಕಾರ" ಎಂದಳು. ನಾನು ಬೈದೆ. ಕೆಟ್ಟ ರಿಪೋರ್ಟು ಬಂದವರನ್ನು ನೀನು ನೋಡಿಲ್ಲ ಎಂದೆ. ಬೈಗುಳ ನನ್ನ ಬಾಯಲ್ಲಿದ್ದರೂ ಅವಳು ಹೇಳಿದ್ದು ಸರಿಯೆಂದು ಅಲ್ಲಿಯೇ ಗೊತ್ತಿತ್ತು.

ಮರುದಿನ ಬೆಳಗಾವಿಯ ಲ್ಯಾಬಿಗೆ ಫೋನ್ ಮಾಡಿದೆ. ರಿಪೋರ್ಟಿಗೆ ಸಹಿ ಮಾಡಿದ ಡಾಕ್ಟರು ನನ್ನ ವಯಸ್ಸಿನವರೇ, ಅವಸರದ ಮಾತು, ಆದರೆ ಪಾಪ, ಕೂತು ತಿಳಿಸಿ ಹೇಳಿದರು. ಒಂದೇ ರೋಗಾಣುವಿನಿಂದ ಹುಟ್ಟಿದವು ಎಲ್ಲವೂ ಅಕ್ಷರಕ್ಕಕ್ಷರ ಒಂದೇ, ನಿಜ. ಆದರೆ ನಡತೆ ಒಂದೇ ಅಲ್ಲ. ಒಂದು ಒಡೆದು ಎರಡಾಗುವಾಗಲೇ ಅಣ್ಣತಮ್ಮಂದಿರ ಪಾಲಿನ ಹಾಗೆ ಹೆಚ್ಚುಕಡಿಮೆ ಆಗುತ್ತದೆ. ಕೆಲವು ಕೂಡಲೇ ಬೆಳೆಯತೊಡಗುತ್ತವೆ, ಕೆಲವು ನಿಧಾನ, ಎಲ್ಲೋ ಕೆಲವು ಸುಮ್ಮನೆ ಮಲಗಿಬಿಡುತ್ತವೆ. ಔಷಧಿ ಬೆಳೆಯುತ್ತಿರುವುದನ್ನು ಕೊಲ್ಲುತ್ತದೆ, ಮಲಗಿದ್ದನ್ನು ಅದು ಕಾಣುವುದೇ ಇಲ್ಲ. ಆರು ತಿಂಗಳು ಗುಳಿಗೆ ಕೊಡುವುದು ಆ ಮಲಗಿದವು ಏಳಲಿ ಎಂದು ಕಾಯುವುದಕ್ಕೇ. ಬಹಳ ಜನರಿಗೆ ಅಷ್ಟು ಸಾಕು. ಕೆಲವರಿಗೆ ಸಾಲದು.

"ಹಂಗಾರ ಆ ಮಲಗಿದವನ್ನ ಒಂದ ರಿಪೋರ್ಟಿನ್ಯಾಗ ತೋರಸ್ರಿ ಮೇಡಂ," ಎಂದೆ. "ಇಲ್ಲಿ ಒಬ್ಬಾಕಿ ಮನಿ ಬಿಡೂ ಪಾಳಿ ಬಂದೇತಿ."

"ಹೆಂಗ ತೋರಸ್ಲಿ? ಪರೀಕ್ಷಾ ಮಾಡಾಕ ನಾವು ಅವನ್ನ ಬೆಳಸಬೇಕು. ಬೆಳೀಬೇಕಂದ್ರ ಅವು ಏಳಬೇಕು. ಎದ್ದಮ್ಯಾಲ ಅವೂ ಎಲ್ಲಾರಂಗ ಔಷಧಿಗೆ ಸಾಯ್ತಾವ. ಬದಲಾಗಿದ್ರ ಗುರುತ ಸಿಗ್ತೇತಿ. ಇವು ಬದಲಾಗೇ ಇಲ್ಲ, ನಿದ್ದಿ ಮಾಡಿದ್ವು ಅಷ್ಟ." ಅವರೇ ಮುಂದುವರಿಸಿದರು, "ಮತ್ತ ಇದು ಬ್ಯಾರೆ ಯಾರಿಂದರ ಹೊಸದಾಗಿ ಬಂದಿದ್ದೂ ಇರಬಹುದು. ನಿಮ್ಮಾಕಿ ಗುಳಿಗಿ ಬಿಟ್ಟಿದ್ದೂ ಇರಬಹುದು. ನಾ ಇಲ್ಲಿ ಕುಂತು ಇದೇ ಅಂತ ಹೆಂಗ ಬರಕೊಡ್ಲಿ?"

ಅವರು ಸುಳ್ಳು ಬರೆದು ಕೊಡುವವರಲ್ಲ. ನಾನೂ ಕೇಳುವವಳಲ್ಲ. ಆದರೂ ಅವತ್ತು ಆ ಫೋನಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮತ್ತೆ ಮಮದಾಪುರಕ್ಕೆ ಹೋದೆ. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ, ಹೊಲದವರಿಗೆ ಹೊಲದ ಮಾತಲ್ಲೇ ಹೇಳಬೇಕೆಂದು ಸಿದ್ಧ ಮಾಡಿಕೊಂಡು ಹೋಗಿದ್ದೆ. ಗಂಗವ್ವ ಶೇಂಗಾ ಸುಲಿಯುತ್ತಿದ್ದಳು. ಶಿವಪುತ್ರ ಗಾಣದಿಂದ ಊಟಕ್ಕೆ ಬಂದಿದ್ದ. ನೀಲವ್ವ ಒಳಗೆ ಕೆಮ್ಮುತ್ತಿದ್ದಳು.

"ಕಬ್ಬಿನ್ಯಾಗ ಕಸಾ ಸಾಯಸೂ ಎಣ್ಣಿ ಹೊಡಿತೀರಲ್ರಿ ಯವ್ವಾ. ಎದ್ದ ಕಸಾ ಎಲ್ಲಾ ಸುಟ್ಟ ಹೋಗ್ತೇತಿ. ಮುಂದಿನ ಮಳಿಗೆ ಮತ್ತ ಏಳ್ತೇತಿ. ಯಾಕ? ಒಂದ ಗಿಡದ ಬೀಜ ಇದ್ರೂ ಎಲ್ಲಾ ಕೂಡೇ ಮೊಳಿಯೂದಿಲ್ಲ. ಮಣ್ಣಾಗ ಮಲಗಿದ್ದಕ್ಕ ಎಣ್ಣಿ ಹತ್ತೂದಿಲ್ಲ. ಎಣ್ಣಿ ತಪ್ಪಲ್ಲ, ಹೊಡದಾಂವನ ತಪ್ಪೂ ಅಲ್ಲ. ನೀಲವ್ವನ ಎದಿಯೊಳಗೂ ಹಂಗ ಆಗೇತಿ."

ಶಿವಪುತ್ರ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಅವನಿಗೆ ಅದು ನಾಟಿತೆಂದು ಅನ್ನಿಸಿತು. ತಾಯಿಯ ಮುಖ ನೋಡಿದ. ಗಂಗವ್ವ ಸುಲಿದ ಕಾಳನ್ನು ಬುಟ್ಟಿಗೆ ಹಾಕಿ, ಜಗಳದ ದನಿಯಲ್ಲಲ್ಲ, ನನಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದಳು.

"ಬಾಯಾರ, ನಮ್ಮ ಹೊಲದಾಗ ಕಸಾ ಎದ್ರ ಎಣ್ಣಿ ಹೊಡದಾಂವನ್ನ ಕೇಳ್ತೇವಿ. ಸರಿಯಾಗಿ ಹೊಡದಿಲ್ಲಂತ ತಿಳೀತೇವಿ. ಕಸಾನ್ನ ಕೇಳಾಕ ಹೋಗೂದಿಲ್ಲ."

"ಈರಣ್ಣ ಅರ್ಧಾ ಬಿಟ್ಟೂ ಆರಾಮ ಆಗ್ಯಾನಲ್ರಿ, ಅದಕ್ಕೇನ ಅಂತೀರಿ?"

"ಅದನ್ನ ನಾನೂ ಕೇಳಾಕತ್ತೇನಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ಗುಳಿಗಿ ಬಿಟ್ಟಿದ್ರ ಬಿಟ್ಟಿದ್ನಿ ಅಂದಿದ್ರ ಆಗಿತ್ತು. ನಾಕ ಬೈದು ಸುಮ್ಮನಾಗ್ತಿದ್ನಿ. ನನ್ನ ಮಗಾ ಏನ ಕಡಿಮಿ ಬಿಟ್ಟಾನೇನ? ಆಣಿ ಯಾಕ ಮಾಡಿದ್ಲು? ಆಣಿ ತಿರುಗಿ ಬಿದ್ದ ಮನ್ಯಾಗ ನನಗ ಮಕ್ಕಳದಾವ, ಮರಿ ಅದಾವ."

ಆ ವಾರದಲ್ಲೇ ನೀಲವ್ವನನ್ನು ತವರಿಗೆ ಕಳಿಸಿದರು. ಹೊಡೆದಟ್ಟಲಿಲ್ಲ, ಬೈಯಲಿಲ್ಲ. ಔಷಧಿ ಮುಗಿಯುವವರೆಗೆ ಇರಲಿ ಎಂದು ಹೇಳಿ, ಹಾಸಿಗೆ ಕಟ್ಟಿ, ಗಂಡನೇ ಬಿಟ್ಟು ಬಂದ. ತವರು ಹುಕ್ಕೇರಿ ತಾಲೂಕಿನ ಕಣಗಲಾ, ಹೆದ್ದಾರಿಯ ಪಕ್ಕ. ನನಗದು ಊರಿಗೆ ಹೋಗುವ ದಿಕ್ಕು. ಅಲ್ಲಿಯ ದವಾಖಾನೆಯವರಿಗೆ ಹೇಳಿ ಗುಳಿಗೆ ಶುರು ಮಾಡಿಸಿದೆ. ರವಿವಾರ ಯಮಕನಮರಡಿಯಿಂದ ಹೋಗಿ ನೋಡಿ ಬರುತ್ತಿದ್ದೆ. ಇಬ್ಬನಿ ಬಿದ್ದ ಬೆಳಗು, ಲಾರಿಗಳ ಸದ್ದು, ಅಂಗಳದಲ್ಲಿ ಕಂಬಳಿ ಹೊದ್ದು ಕೂತ ನೀಲವ್ವ. ಈ ಸಲ ಅವಳ ತಾಯಿ ಎದುರಿಗೆ ನಿಂತು ನುಂಗಿಸುತ್ತಿದ್ದಳು. ಹತ್ತಿದ ರೋಗ ಇಳಿಯತೊಡಗಿತು. ಸಂಕ್ರಮಣದ ಹೊತ್ತಿಗೆ ಜ್ವರ ಬಿಟ್ಟಿತ್ತು, ಕೆನ್ನೆ ತುಂಬಿತ್ತು. ರೊಟ್ಟಿ ಬಡಿಯಲು ತಾನೇ ಕೂತಳಂತೆ. ಈ ಹೆಣ್ಣು ಬದುಕಿತು ಎಂದುಕೊಂಡೆ.

ಸಂಕ್ರಮಣಕ್ಕೆ ಈರಣ್ಣ ಎಳ್ಳುಬೆಲ್ಲ ತೆಗೆದುಕೊಂಡು ಅತ್ತಿಗೆಯನ್ನು ನೋಡಲು ಬಂದ. ಪ್ರೀತಿಯಿಂದಲೇ ಬಂದ, ಅವನಿಗೆ ಅವಳೆಂದರೆ ಜೀವ. ಅವಳು ಮೈತುಂಬಿಕೊಂಡದ್ದನ್ನು ನೋಡಿ ಮನೆಗೆ ಹೋಗಿ ತಾಯಿಗೆ ಹೇಳಿದ. ಮುಂದಿನ ವಾರ ಮತ್ತೆ ಬಂದವನು ತಾಯಿ ಅಂದದ್ದನ್ನು ಅವಳಿಗೆ ಒಪ್ಪಿಸಿದ. ಅವನ ಪ್ರಕಾರ ಅದು ಖುಷಿಯ ಸುದ್ದಿ. "ಅವ್ವ ಅಂದ್ಲು ವೈನಿ, ನೋಡ, ಈಗ ನೆಟ್ಟಗ ನುಂಗಾಕತ್ತಾಳ, ಈಗ ಆರಾಮ ಆಗಾಕತ್ತಾಳ. ಅವಾಗ ಹಿಂಗ ನುಂಗಿದ್ರ ಈ ಪಾಳಿ ಬರ್ತಿದ್ದಿಲ್ಲ ಅಂತ. ಹೋಳಿ ಆದ ಮ್ಯಾಲ ಕರಕೊಂಬಾ ಅಂದಾಳ. ತಪ್ಪಾತಂತ ಒಂದ ಮಾತ ಅಂದ್ರ ಸಾಕಂತ."

ಇದನ್ನು ನನಗೆ ಹೇಳಿದವಳು ನೀಲವ್ವನೇ, ಅದರ ಮುಂದಿನ ರವಿವಾರ. ಅಷ್ಟರೊಳಗೆ ಅವಳು ಗುಳಿಗೆ ನಿಲ್ಲಿಸಿದ್ದಳು. ತಾಯಿಯ ಎದುರು ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದಳು. ಜನ್ಮದಲ್ಲಿ ಮಾಡದ ಕೆಲಸವನ್ನು ಕಲಿತಿದ್ದಳು. ತಾಯಿ ಅಳುತ್ತ ನನ್ನನ್ನು ಒಳಗೆ ಕರೆದಳು.

"ನಿನಗ ಹುಚ್ಚ ಹಿಡದೈತೇನ?" ಎಂದೆ.

"ಕುಂದರ್ರಿ ಅಕ್ಕಾರ, ಹೇಳ್ತೇನಿ. ಈ ಗುಳಿಗಿ ನುಂಗಿ ಆರಾಮಾದ್ನಿ ಅಂದ್ರ ಏನಾತು? ನುಂಗಿದ್ರ ರೋಗ ಹೋಗ್ತೇತಿ ಅಂತಾತು. ಹಂಗಾರ ಅವಾಗ ನುಂಗಿಲ್ಲ ಅಂತಾತು. ನಾ ಆರಾಮ ಆದಷ್ಟೂ ಸುಳ್ಳಾಕಿ ಆಗಾಕತ್ತೇನ್ರಿ. ಲಿಂಗದ ಮ್ಯಾಲ ಸುಳ್ಳ ಹೇಳ್ದಾಕಿ ಅನಿಸ್ಕೊಂಡು ಆ ಮನ್ಯಾಗ ಎಷ್ಟ ವರ್ಷ ರೊಟ್ಟಿ ಬಡೀಲಿ?"

ನಾನು ಎಷ್ಟು ಮಾತಾಡಿದೆನೋ ನೆನಪಿಲ್ಲ. ಜೀವ ಇದ್ದರೆ ಮಾತು, ಸತ್ತವರ ಸತ್ಯ ಯಾರಿಗೆ ಬೇಕು ಎಂದೆ. ಮಲಗಿದ್ದ ರೋಗಾಣುವಿನ ವಿಷಯವನ್ನು ಮತ್ತೆ ಮೊದಲಿನಿಂದ ಹೇಳಿದೆ. ಅವಳಿಗೆ ಅದು ನಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು. "ನೀವ ಹೇಳೂದ ಖರೆ ಐತಿ. ನನಗ ಗೊತ್ತೈತಿ, ನಿಮಗ ಗೊತ್ತೈತಿ. ಅತ್ತಿಗೆ ಗೊತ್ತ ಮಾಡಸ್ರಿ. ಅಕಿ ಒಂದ ಸಲ ನೀಲಾ ನುಂಗಿದ್ಲ ಅನ್ಲಿ, ನಾ ಈಗಿಂದೀಗ ನುಂಗ್ತೇನಿ" ಎಂದಳು.

ಅಲ್ಲಿಂದ ನೇರ ಮಮದಾಪುರಕ್ಕೆ ಹೋದೆ. ಸುಳ್ಳಾದರೂ ಸರಿ, ಒಂದು ಮಾತು ಅನ್ನಿ ಎಂದು ಗಂಗವ್ವನ ಕಾಲು ಹಿಡಿದೆ, ಇದು ಉಪ್ಪುಖಾರ ಹಚ್ಚಿ ಹೇಳುವುದಲ್ಲ. ಅವಳು ಗಾಬರಿಯಾಗಿ ನನ್ನನ್ನು ಎಬ್ಬಿಸಿದಳು. "ಅನ್ನೂದಕ್ಕೇನ್ರಿ, ನಾಲಿಗಿ ಐತಿ. ಆದ್ರ ಅದೂ ಲಿಂಗದ ಮಾತ. ಅಕಿ ಒಂದ ಸುಳ್ಳ ಹೇಳ್ಯಾಳ, ಅದರ ಮ್ಯಾಲ ನಾ ಒಂದ ಹೇಳ್ಲಿ ಅಂತೀರೇನ?" ಶಿವಪುತ್ರ ಕಣಗಲಾಕ್ಕೆ ಹೋಗಿ ಎರಡು ದಿನ ಕೂತು ಬಂದ. ನಾನು ನಂಬುತ್ತೇನೆ ಎಂದನಂತೆ. ಹಾಗಾದರೆ ಅದನ್ನು ಅವ್ವನ ಮುಂದೆ ಹೇಳು ಎಂದಳಂತೆ ಅವಳು. ಅವನು ಮರಳಿ ಗಾಣಕ್ಕೆ ಹೋದ.

ಮೊದಲ ಸಲ ನಿಧಾನಕ್ಕೆ ಬಂದ ರೋಗ ಈ ಸಲ ಓಡೋಡಿ ಬಂತು. ದವಾಖಾನೆಗೆ ಸೇರಿಸಿದೆವು. ಅಲ್ಲಿ ಮುಚ್ಚಿದ ಬಾಯಿ ತೆರೆಸಿ ಹಾಕಿದ ಗುಳಿಗೆಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹೋಳಿಯ ಬಣ್ಣ ರಸ್ತೆಯಲ್ಲಿ ಇನ್ನೂ ಮಾಸಿರಲಿಲ್ಲ, ಒಂದು ಬೆಳಿಗ್ಗೆ ಕೆಮ್ಮಿನ ಜೊತೆ ರಕ್ತ ಬಂತು, ನಿಲ್ಲಲೇ ಇಲ್ಲ. ಯುಗಾದಿಗೆ ಇನ್ನೂ ಹತ್ತು ಹನ್ನೆರಡು ದಿನವಿತ್ತು.

ಗಂಡನ ಮನೆಯ ಹೊಲದಲ್ಲೇ ಮಣ್ಣು ಮಾಡಿದರು. ಕಬ್ಬು ಕಡಿದು ರವದಿಯ ಒಣ ಗರಿ ಸುಟ್ಟ ಹೊಲ, ಬಿಸಿಲಿಗೆ ನೆಲ ಕಾದಿತ್ತು. ಕುಣಿ ತೋಡಿದವರಲ್ಲಿ ಈರಣ್ಣನೂ ಇದ್ದ, ಅಷ್ಟು ಹೊತ್ತು ಗುದ್ದಲಿ ಹಾಕಿದರೂ ಅವನಿಗೆ ಏದುಸಿರು ಬಂದಿರಲಿಲ್ಲ. ಗಂಗವ್ವ ಅತ್ತದ್ದು ಸುಳ್ಳು ಅಳುವಲ್ಲ. ಅವಳನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದಾಗ ಅವಳು ನನ್ನ ಹತ್ತಿರ ಬಂದು ನಿಂತಳು.

"ಬಾಯಾರ, ನೀವು ಸುಳ್ಳ ಹೇಳೂದಿಲ್ಲಂತ ಕೇಳ್ತೇನಿ. ಕಣಗಲಾದಾಗ ಗುಳಿಗಿ ಬಿಟ್ಟಿದ್ಲಂತ. ಖರೆ ಏನ್ರಿ?"

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಶಿವಪುತ್ರ ನನ್ನನ್ನೇ ನೋಡುತ್ತಿದ್ದ.

"ಖರೆ" ಎಂದೆ.

ಗಂಗವ್ವ ನಿಧಾನವಾಗಿ ತಲೆಯಾಡಿಸಿದಳು. "ಅವಾಗೂ ಹಿಂಗ ಬಿಟ್ಟಿದ್ಲ ನೋಡ್ರಿ."

"ಅವಾಗ ಬಿಟ್ಟಿದ್ದಿಲ್ರಿ ಯವ್ವಾ," ಎಂದೆ. "ಅವಾಗ ಒಂದ ದಿನಾನೂ ಬಿಟ್ಟಿದ್ದಿಲ್ಲ."

ಅವಳು ನನ್ನ ಬೆನ್ನ ಮೇಲೆ ಕೈಯಾಡಿಸಿ, ಸತ್ತವರ ಕಡೆಯವರನ್ನು ಸಂತೈಸುವ ಹಾಗೆ, "ನೀವರ ಏನ ಮಾಡ್ತೀರಿ ಬಿಡ್ರಿ, ನಿಮ್ಮ ಕೈಯಾಗಿಂದ ನೀವು ಎಲ್ಲಾ ಮಾಡಿದ್ರಿ" ಎಂದಳು. ಆಮೇಲೆ ಮಣ್ಣು ಹಾಕಲು ಹೋದಳು.